ಮನೆಯ ಬದಲಾವಣೆಯೂ ಕಾಯಕದ ತ್ಯಾಗವೂ

ಗೃಹಸ್ಥರಾದ ಭಕ್ತರಿಗೆ ಧರ್ಮಸಂಕಟಗಳು ಮಹತ್ತಾದ ರೂಪದಲ್ಲಿ ಬರುವುದು ವಿರಳ. ಬಾಡಿಗೆಯ ಮನೆ, ಬಸ್ಸಿನ ವೇಳೆ, ವೃದ್ಧರ ಔಷಧ, ಮಕ್ಕಳ ಶಾಲೆ ಎಂಬ ಸಣ್ಣ ವೇಷಗಳಲ್ಲಿಯೇ ಅವು ನಮ್ಮ ಬಾಗಿಲಿಗೆ ಬರುವವು. ಕಳೆದ ಕಾರ್ತಿಕಮಾಸದಲ್ಲಿ ರಾಯಚೂರಿನ ನನ್ನ ಮನೆಗೆ ಬಂದ ಭಕ್ತರೊಬ್ಬರ ಪ್ರಶ್ನೆ ಅಂಥದೇ ಆಗಿದ್ದಿತು. ಅವರು ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ತಂದೆಗೆ ದೃಷ್ಟಿ ಮಂದವಾದುದರಿಂದ ಸಂಸಾರವನ್ನು ದೇವದುರ್ಗದ ಹಿರಿಯರ ಮನೆಗೆ ಒಯ್ಯಬೇಕಾಗಿದ್ದಿತು. “ಮಾಸ್ತರ್ರೇ, ನೌಕರಿ ಯಾವಾಗ ಬಿಡಬೇಕ್ರೀ? ಬಿಟ್ರ ಕಾಯಕ ಬಿಟ್ಟ ಪಾಪ ಬರ್ತದೇನ್ರೀ?” ಎಂದು ಅವರು ಕೇಳಿದರು. ಆ ದಿನ ನಾನು ಹೇಳಿದುದನ್ನೂ, ಹೇಳಲು ಸಂಕೋಚಪಟ್ಟುದನ್ನೂ ಇಲ್ಲಿ ವಾಚಕರ ಮುಂದೆ ಇಡುತ್ತೇನೆ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಕಾಯಕನಿರತನು ಗುರುದರ್ಶನಕ್ಕಾಗಿಯೂ ಕೈಯ ಕೆಲಸವನ್ನು ಬಿಡಬಾರದೆಂದು ಶರಣರು ಹೇಳಿರುವಾಗ, ಮನೆಯ ನೆವದಿಂದ ಬಿಡುವುದು ಹೇಗೆ ಸಲ್ಲುವುದು ಎಂಬುದು ಮೊದಲನೆಯದು. ಕಾಯಕಕ್ಕೆ ಊರಿನ ಹಂಗಿಲ್ಲ. ಎಲ್ಲಿ ದುಡಿದರೂ ಅದು ಶಿವಾರ್ಪಿತವೇ. ಆದಕಾರಣ ಇಂದೇ ಬಿಟ್ಟು ನಾಳೆ ಬೇರೆಡೆ ಸೇರಿದರೆ ದೋಷವೇನು ಎಂಬುದು ಎರಡನೆಯದು. ಮೊದಲನೆಯ ವಾದವು ಕಾಯಕವನ್ನೂ ಹುದ್ದೆಯನ್ನೂ ಒಂದೆಂದು ಭ್ರಮಿಸಿದೆ. ಎರಡನೆಯದು ಕಾಯಕಕ್ಕೂ ಅದನ್ನು ನಂಬಿದ ಜನರಿಗೂ ಇರುವ ಸಂಬಂಧವನ್ನು ಮರೆತಿದೆ.

ಕೆಲಸದ ಮುಂದೆ ಗುರುದರ್ಶನವನ್ನೂ ಮರೆಯಬೇಕೆಂದು ಸಾರಿದವರು ಆಯ್ದಕ್ಕಿ ಮಾರಯ್ಯನವರೇ. ಅವರು ನಮ್ಮ ಜಿಲ್ಲೆಯವರು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಪತ್ನಿ ಲಕ್ಕಮ್ಮನವರೊಡನೆ ಕಲ್ಯಾಣಕ್ಕೆ ಹೋಗಿ ನೆಲೆಸಿದವರು. ಅಂದರೆ ಕಾಯಕನಿಷ್ಠೆಯ ಈ ಕಠಿಣವಾದ ಮಾತನ್ನು ಹೇಳಿದವರು ಸ್ವತಃ ಮನೆಯನ್ನು ಬದಲಿಸಿದವರು! ಊರನ್ನು ಬಿಟ್ಟರು, ಹೊಸ ಊರಿನಲ್ಲಿ ಬಿದ್ದ ಅಕ್ಕಿಯನ್ನು ಆಯುವ ಕಾಯಕವನ್ನು ಹಿಡಿದರು, ನಿಷ್ಠೆ ಮಾತ್ರ ಬದಲಾಗಲಿಲ್ಲ. ಬಸವಣ್ಣನವರ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. ಬಿಜ್ಜಳನ ಭಂಡಾರದ ಕಾಯಕಕ್ಕಾಗಿ ಅವರು ಮಂಗಳವೇಡೆಯಿಂದ ಕಲ್ಯಾಣಕ್ಕೆ ಮನೆಯನ್ನು ಒಯ್ದರು. ಕಡೆಗೆ ಪದವಿಯನ್ನು ತೊರೆದು ಕೂಡಲಸಂಗಮಕ್ಕೆ ಹೊರಟರು. ರಾಜನು ಕಳುಹಿಸಿದನೋ ತಾವೇ ಹೊರಟರೋ ಎಂಬಲ್ಲಿ ಚರಿತ್ರಕಾರರಿಗೆ ಭಿನ್ನಮತವಿದೆ. ಹೇಗಾದರೂ ಆಗಲಿ, ಪದವಿಯೊಡನೆ ಕಾಯಕವು ಅಳಿಯಿತೆಂದು ಯಾರೂ ಹೇಳಲಾರರು. ಹುದ್ದೆಯು ಪಾತ್ರೆ, ಕಾಯಕವು ಅದರಲ್ಲಿ ತುಂಬಿದ ನೀರು. ಪಾತ್ರೆಯನ್ನು ಬದಲಿಸಬಹುದು, ಬದಲಿಸುವಾಗ ನೀರನ್ನು ನೆಲಕ್ಕೆ ಚೆಲ್ಲಬಾರದು.

ಹಾಗಾದರೆ ಯಾವಾಗ ಬಿಡಬೇಕು? ಇದಕ್ಕೆ ಲಕ್ಕಮ್ಮನವರ ಕಥೆಯಲ್ಲಿಯೇ ಅಳತೆಗೋಲು ದೊರೆಯುವುದು. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಆ ತಾಯಿ ಅದನ್ನು ಮನೆಯೊಳಗೆ ಇರಿಸಿಕೊಳ್ಳದೆ ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ತಮಗೆ ಸಲ್ಲದ ಒಂದು ಹಿಡಿಯೂ ಬೇಡವೆಂಬುದೇ ಅವರ ಭಾವ. ಇದನ್ನು ಇಂದಿನ ನೌಕರಿಗೆ ಅನ್ವಯಿಸಿ ನೋಡೋಣ. ರಾಯಚೂರಿನಿಂದ ದೇವದುರ್ಗವೂ ಮಾನ್ವಿಯೂ ಸುಮಾರು 50 ಕಿಲೋಮೀಟರುಗಳ ದಾರಿ. ಮನೆಯನ್ನು ಬದಲಿಸಿಯೂ ಹಳೆಯ ಕೆಲಸಕ್ಕೆ ನಿತ್ಯ ಹೋಗಿಬರುವವರು ಅನೇಕರಿದ್ದಾರೆ. ವೇಳೆಗೆ ಸರಿಯಾಗಿ ತಲುಪಿ ಪೂರ್ಣ ಮನಸ್ಸಿನಿಂದ ದುಡಿಯುವವರೆಗೆ ಅವರು ಬಿಡಬೇಕಾದ ಕಾರಣವಿಲ್ಲ. ಆದರೆ ಬಸ್ಸಿನ ನೆವದಿಂದ ಅರ್ಧ ಗಂಟೆ ತಡವಾಗಿ ಬಂದು, ಅರ್ಧ ಗಂಟೆ ಮುಂಚೆ ಎದ್ದು, ನಡುವಿನ ವೇಳೆಯನ್ನು ಆಯಾಸದಲ್ಲಿ ಕಳೆದು ಪೂರ್ಣ ಸಂಬಳವನ್ನು ಪಡೆದರೆ, ಆ ಹೆಚ್ಚಿನ ಹಣವು ಲಕ್ಕಮ್ಮನವರು ತಿರಸ್ಕರಿಸಿದ ಅಕ್ಕಿಯೇ ಆಗುವುದು. ದೂರವು ಕಾಯಕವನ್ನು ಕದಿಯತೊಡಗಿದರೆ, ಒಂದೋ ಆ ದೂರವನ್ನು ಕಳೆಯಬೇಕು, ಇಲ್ಲವೆ ಹುದ್ದೆಯನ್ನು ಬಿಡಬೇಕು. ಇದು ಮೊದಲನೆಯ ನಿಯಮ.

ಎರಡನೆಯದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆನು. ಇಪ್ಪತ್ತೈದು ವರ್ಷಗಳಿಗೂ ಹಿಂದೆ ದೇವದುರ್ಗದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡವನ್ನು ಕಲಿಸುತ್ತಿದ್ದೆನು. ತಾಯಿಯವರ ಚಿಕಿತ್ಸೆಗಾಗಿ ರಾಯಚೂರಿನಲ್ಲಿ ಮನೆ ಮಾಡಬೇಕಾಯಿತು. ಆ ಅಗತ್ಯ ಸತ್ಯವಾದುದೇ. ಆದರೆ ಬಾಡಿಗೆಯು ಫೆಬ್ರವರಿಯ ಒಂದನೆಯ ತಾರೀಖಿನಿಂದ ಆರಂಭವಾಗುವುದೆಂಬ ಒಂದೇ ಕಾರಣಕ್ಕೆ ಜನವರಿಯ ಕೊನೆಯಲ್ಲಿ ರಾಜೀನಾಮೆಯನ್ನಿತ್ತು ಹೊರಟೆನು. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಅಷ್ಟು ಕಾಲ ಬಸ್ಸಿನಲ್ಲಿ ಓಡಾಡಲು ನನ್ನಿಂದ ಸಾಧ್ಯವಿದ್ದಿತು, ಮಾಡಲಿಲ್ಲ. ಕೆಲವು ವರ್ಷಗಳ ತರುವಾಯ ರಾಯಚೂರಿನ ಬಸ್ ನಿಲ್ದಾಣದಲ್ಲಿ ಆ ತರಗತಿಯ ಹುಡುಗನೊಬ್ಬನು ಸಿಕ್ಕಿ, ಕಾಲಿಗೆ ನಮಸ್ಕರಿಸಿ, “ಸರ, ನೀವು ಹೋದ ಮ್ಯಾಲ ನಮಗ ಛಂದಸ್ಸು ಯಾರೂ ಹೇಳಲಿಲ್ರೀ” ಎಂದನು. ಅವನ ಮಾತಿನಲ್ಲಿ ದೂರಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬಿಟ್ಟುದು ತಪ್ಪಲ್ಲ, ಬಿಟ್ಟ ಕಾಲ ತಪ್ಪು. ನಾವು ಎದ್ದುಹೋದರೆ ಯಾರ ಕೈ ಬರಿದಾಗುವುದೆಂದು ನೋಡಿ, ಆ ಕೈಗೆ ಆಧಾರವನ್ನಿತ್ತು ಏಳತಕ್ಕದ್ದು. ಇದು ಎರಡನೆಯ ನಿಯಮ.

ಮೂರನೆಯದು ದಾಸೋಹದ ದೃಷ್ಟಿಯದು. ಕಾಯಕದ ಫಲವು ಮನೆಯ ಅನ್ನಕ್ಕೂ ದಾಸೋಹಕ್ಕೂ ಮೂಲವಾದುದರಿಂದ, ಆವೇಶದಿಂದ ಅದನ್ನು ಕಡಿದು ಸಂಸಾರವನ್ನು ಸಾಲಕ್ಕೆ ತಳ್ಳುವುದು ವೈರಾಗ್ಯವಲ್ಲ. ಖಾಯಂ ನೌಕರನಿಗೆ ಗ್ರಾಚ್ಯುಯಿಟಿ ದೊರೆಯಲು ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ನಾಲ್ಕೂವರೆ ವರ್ಷಕ್ಕೆ ಅವಸರಪಟ್ಟವನು ತನ್ನ ಶ್ರಮದ ಫಲವನ್ನು ತಾನೇ ಚೆಲ್ಲುವನು. ಸರಕಾರಿ ಸೇವಕನು ಸುಮ್ಮನೆ ರಾಜೀನಾಮೆಯಿತ್ತರೆ ಹಿಂದಿನ ಸೇವೆಯು ಪಿಂಚಣಿಯ ಲೆಕ್ಕಕ್ಕೆ ಬಾರದೆ ಹೋಗುವುದು. ಆದಕಾರಣ ವರ್ಗಾವಣೆ, ರಜೆ, ಸ್ವಯಂನಿವೃತ್ತಿಗಳ ದಾರಿಗಳನ್ನು ಮೊದಲು ವಿಚಾರಿಸಬೇಕು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ವಿಚಾರವು ಅಪೂರ್ಣ. ಮನೆ ಬದಲಾದಾಗ ಬಿಡುವ ನೌಕರಿಯು ಅನೇಕ ಮನೆಗಳಲ್ಲಿ ಹೆಂಡತಿಯದೇ ಆಗಿರುತ್ತದೆ. ಅವಳ ಸಂಬಳವು ಕಡಿಮೆ, ಅವಳ ಕೆಲಸವು ಹಗುರ ಎಂದು ಕೇಳದೆಯೇ ನಿರ್ಣಯಿಸಿಬಿಡುತ್ತೇವೆ. ಶರಣಧರ್ಮದಲ್ಲಿ ಕಾಯಕಕ್ಕೆ ಸ್ತ್ರೀಪುರುಷಭೇದವಿಲ್ಲ. ಗಂಡನು ತಂದ ಅಕ್ಕಿಯ ನ್ಯಾಯಾನ್ಯಾಯವನ್ನು ತೂಗಿದವರು ಲಕ್ಕಮ್ಮನವರು, ತಲೆಬಾಗಿದವರು ಮಾರಯ್ಯನವರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತು. ಆದರೆ ದಾರಿಯ ವೇಳೆಯೂ, ಮನೆಗೆ ಬಂದ ಮೇಲಿನ ಒಲೆಯ ಕೆಲಸವೂ ಉಳಿಯಲಿಲ್ಲ. ಆ ಭಾರವನ್ನು ಗಂಡನೂ ಹೊತ್ತರೆ ಎಷ್ಟೋ ರಾಜೀನಾಮೆಗಳು ಬೇಕಾಗುವುದೇ ಇಲ್ಲ. ಇಬ್ಬರೂ ಕುಳಿತು ಮಾಡದ ನಿರ್ಣಯವು ಸತಿಪತಿಗಳು ಒಂದಾದ ಭಕ್ತಿಯ ನಿರ್ಣಯವಲ್ಲ.

ಇನ್ನು ಆ ಭಕ್ತರ ಮಾತಿಗೆ ಬರೋಣ. ಹೊಸ ನೆಲ್ಲು ಗಿರಣಿಗೆ ಬರುವ ಕಾಲ. ಹಮಾಲರ ಕೂಲಿಯು ಅವರ ವಹಿಯ ಮೇಲೆಯೇ ನಿಂತಿದ್ದಿತು. ಇತ್ತ ಕಣ್ಣು ಕಾಣದ ತಂದೆ. “ಪತ್ನಿಯವರು ಒಪ್ಪಿದರೆ ಅವರೂ ಮಕ್ಕಳೂ ಮೊದಲು ದೇವದುರ್ಗಕ್ಕೆ ಹೋಗಲಿ. ನೀವು ಇಂದೇ ಮಾಲೀಕರಿಗೆ ತಿಳಿಸಿರಿ, ಗುಟ್ಟು ಬೇಡ. ಹೊಸ ಲೆಕ್ಕಿಗನಿಗೆ ವಹಿಯನ್ನು ಕಲಿಸಿ, ಹಮಾಲರ ಕೊನೆಯ ಪೈಸೆಯನ್ನು ಮುಟ್ಟಿಸಿ ಹೊರಡಿರಿ” ಎಂದೆನು. ಅವರು ಕೆಲಹೊತ್ತು ಸುಮ್ಮನಿದ್ದು, “ಅಪ್ಪ ಅಷ್ಟು ದಿನ ಕಾಯ್ತಾನೇನ್ರೀ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಶಾಸ್ತ್ರದ ಉತ್ತರವಿರಲಿಲ್ಲ. ವಾರಕ್ಕೊಮ್ಮೆ ಹೋಗಿಬನ್ನಿರಿ, ತಂದೆಯವರ ಸ್ಥಿತಿ ಕೆಟ್ಟರೆ ಅಂದೇ ಎದ್ದು ಹೋಗಿರಿ, ಆಗ ಅದೇ ನಿಮ್ಮ ಕಾಯಕ ಎಂದಷ್ಟೇ ಹೇಳಿದೆನು.

ಅವರು ಅಮಾವಾಸ್ಯೆ ಕಳೆದು ಒಂದು ತಿಂಗಳಿಗೆ ಲೆಕ್ಕವನ್ನು ಒಪ್ಪಿಸಿ ಹೊರಟರು. ಈಗ ದೇವದುರ್ಗದಲ್ಲಿ ಹಿರಿಯರ ಹೊಲವನ್ನು ನೋಡಿಕೊಂಡು, ಬೆಳಗಿನಲ್ಲಿ ತಂದೆಯ ಕೈಹಿಡಿದು ಲಿಂಗಪೂಜೆಗೆ ಕೂಡಿಸುತ್ತಾರೆ. ಮಾನ್ವಿಯ ಹಮಾಲರು ಇಂದಿಗೂ ಅವರ ಹೆಸರನ್ನು ಹಿಡಿದು ಕುಶಲವನ್ನು ಕೇಳುತ್ತಾರಂತೆ. ಹೋಗುವವನ ಹಿಂದೆ ಉಳಿದವರು ಅವನ ಕುಶಲವನ್ನು ಕೇಳುವಂತಿದ್ದರೆ, ಅವನು ಬಿಟ್ಟುದು ಹುದ್ದೆಯನ್ನೇ ಹೊರತು ಕಾಯಕವನ್ನಲ್ಲವೆಂದು ತಿಳಿಯತಕ್ಕದ್ದು. ನಮ್ಮೆಲ್ಲರಿಗೂ ಶರಣರು ಅಂಥ ನಿರ್ಗಮನವನ್ನು ಕರುಣಿಸಲಿ.