ಮೌನ ಸಮ್ಮತಿಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಮದುವೆ ಮಾತುಕತೆಯಿಂದ ಗ್ರಾಮಸಭೆಯವರೆಗೂ ನಡೆಯುತ್ತದೆ. ಬಾಯಿ ಬಿಡದವರು ಒಪ್ಪಿದರೆಂದೇ ಲೆಕ್ಕ. ಕಂಪ್ಯೂಟರ್ ಲೋಕದಲ್ಲೂ ಇಂಥದೇ ರೂಢಿಯಿದೆ: ಯುನಿಕ್ಸ್ ಪರಂಪರೆಯ ಕಮಾಂಡುಗಳು ಕೆಲಸ ಸರಿಯಾಗಿ ಮುಗಿದರೆ ಸಾಮಾನ್ಯವಾಗಿ ಸುಮ್ಮನಿರುತ್ತವೆ, ಕೆಟ್ಟರೆ ಮಾತಾಡುತ್ತವೆ.

2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಈ ಪರಂಪರೆಯದೇ. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಹಂತಹಂತವಾಗಿ ಕಾಪಿಡುವ ಸಾಧನ ಅದು. ನನ್ನ ಕರಡುಗಳೂ ಅದರಲ್ಲೇ ಇವೆ. ‘ಗಿಟ್ ಆ್ಯಡ್’ ಎಂದರೆ ಸದ್ದಿಲ್ಲದೆ ಕೆಲಸ ಮುಗಿಸುತ್ತದೆ. ತೊಡಕಿರುವುದು ಇಲ್ಲೇ. ಅದು ನಡುದಾರಿಯಲ್ಲಿ ಕುಸಿದುಬಿದ್ದಾಗಲೂ ಕೆಲವೊಮ್ಮೆ ತೆರೆಯ ಮೇಲೆ ಅದೇ ಖಾಲಿ ಸಾಲು. ಕೆಲಸ ಮುಗಿಸಿದವರ ಮೌನವೂ ಸತ್ತವರ ಮೌನವೂ ನೋಡಲು ಒಂದೇ.

ವ್ಯತ್ಯಾಸ ತಿಳಿಯಬೇಕಾದರೆ ಕೇಳಬೇಕು. ‘ಎಕೋ $?’ ಎಂದು ಟೈಪಿಸಿದರೆ ಹಿಂದಿನ ಕಮಾಂಡ್ ಬಿಟ್ಟುಹೋದ ಅಂಕಿ ಸಿಗುತ್ತದೆ. 0 ಎಂದರೆ ಕ್ಷೇಮ. 139 ಎಂದರೆ, ತನ್ನದಲ್ಲದ ಮೆಮೊರಿಗೆ ಕೈಹಾಕಿ ಸತ್ತಿದೆ: 128ಕ್ಕೆ 11ನೇ ಸಿಗ್ನಲ್ ಕೂಡಿದ ಲೆಕ್ಕ. ಆಮೇಲೆ ಟ್ರೇಸ್ ಹಾಕಿ ಎಲ್ಲಿಯವರೆಗೆ ಬಂದಿತ್ತೆಂದು ನೋಡಬಹುದು. ‘ಗಿಟ್ ಎಫ್‌ಎಸ್‌ಸಿಕೆ’ಯಿಂದ ಒಳಗಿನ ದಾಖಲೆಗಳು ಕೆಟ್ಟಿವೆಯೇ ಎಂದು ಪರೀಕ್ಷಿಸಬಹುದು. ಆದರೆ ಅಂಕಿಯನ್ನು ತಕ್ಷಣವೇ ಕೇಳಬೇಕು. ನಡುವೆ ಇನ್ನೊಂದು ಕಮಾಂಡ್ ಓಡಿಸಿದರೆ ಹಳೆಯ ಉತ್ತರ ಅಳಿಸಿಹೋಗುತ್ತದೆ.

ಸಾಯುವಾಗ ಕೂಗಿ ಹೇಳಬೇಕಿತ್ತು ಎಂದು ಗಿಟ್ ಅನ್ನು ದೂರಬಹುದು. ಆದರೆ ಯಾರೂ ತಮ್ಮ ಸಾವನ್ನು ತಾವೇ ವರದಿ ಮಾಡಲಾರರು. ಅದನ್ನು ಬರೆದಿಡುವುದು ಉಳಿದಿರುವ ಆಪರೇಟಿಂಗ್ ಸಿಸ್ಟಮ್.

ಹಂಪಿ ಬಜಾರಿನಲ್ಲಿ ನಡೆಯುವಾಗ ಈ ಮಾತು ನನಗೆ ಭಾರವಾಗುತ್ತದೆ. ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳ ನಿಶ್ಶಬ್ದವನ್ನು 1565ರ ಯುದ್ಧದ ನಂತರ ಹಾಳಾದ ನಗರದ ನಿಶ್ಶಬ್ದವೆಂದೇ ಯಾರಾದರೂ ತಿಳಿದಾರು. ಆದರೆ 2011ರ ಜುಲೈವರೆಗೆ ಅಲ್ಲಿ ಸಂಸಾರಗಳಿದ್ದವು, ಅಂಗಡಿ-ಹೋಟೆಲುಗಳಿದ್ದವು. ಸ್ಮಾರಕಗಳ ರಕ್ಷಣೆಗೆಂದು ಅವನ್ನು ತೆರವು ಮಾಡಲಾಯಿತು. ಸ್ಮಾರಕ ಉಳಿಯಬೇಕೆಂಬುದೂ ನ್ಯಾಯವೇ. ಗುಡಿಯಲ್ಲಿರುವ 1510ರ ಸುಮಾರಿನ ಶಾಸನ, ಕೃಷ್ಣದೇವರಾಯ ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪ ಕಟ್ಟಿಸಿದನೆಂದು ಇಂದಿಗೂ ಹೇಳುತ್ತದೆ. ಮಂಟಪಗಳಲ್ಲಿ ಒಲೆ ಹಚ್ಚಿದವರ ಹೆಸರು ಹೇಳುವ ಕಲ್ಲನ್ನು ನಾನು ಕಂಡಿಲ್ಲ.

ಹಾಗಾಗಿ ಗಾದೆಯನ್ನು ನಾನು ಒಪ್ಪಲಾರೆ. ಮೌನ ಸಮ್ಮತಿಯಲ್ಲ, ಅದು ಇನ್ನೂ ಕೇಳದ ಪ್ರಶ್ನೆ. ಕೇಳುವ ಹೊಣೆ ಸುಮ್ಮನಾದವರದಲ್ಲ; ಮಾತು ಉಳಿದಿರುವವರದು. ಅದೂ ಮುಂದಿನ ಕೆಲಸಕ್ಕೆ ಕೈಹಾಕುವ ಮೊದಲು.