ಲಗ್ನಪತ್ರಿಕೆಯ ಗಣಪತಿ

ಮದುವೆ ಮುಗಿದ ಮೇಲೆ ಲಗ್ನಪತ್ರಿಕೆಯನ್ನು ಏನು ಮಾಡಬೇಕು? ನಮ್ಮ ರಾಣೇಬೆನ್ನೂರಿನ ಕಡೆ ಇದಕ್ಕೆ ಯಾರ ಹತ್ತಿರವೂ ಸರಿಯಾದ ಉತ್ತರವಿಲ್ಲ. ನೆತ್ತಿಯ ಮೇಲೆ ಗಣಪತಿ, ಕೆಳಗೆ ಮನೆದೇವರ ಹೆಸರು, ಮೂಲೆಗೆ ಅರಿಷಿಣ ಕುಂಕುಮ. ರದ್ದಿಗೆ ಹಾಕಲು ಮನಸ್ಸು ಬಾರದು. ಕೆಲವರು ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತಾರೆ, ಕೆಲವರು ಹೊಳೆಗೆ ಬಿಡುತ್ತಾರೆ.

ನಾನು ಅವನ್ನು ಕತ್ತರಿಸಿ ಕ್ವಿಲ್ಲಿಂಗ್ ಮಾಡುತ್ತೇನೆ, ಅಂದರೆ ಕಾಗದದ ಪಟ್ಟಿಗಳನ್ನು ಸುತ್ತಿ ಚಿತ್ತಾರ ಮಾಡುತ್ತೇನೆ. ಹೊರಗಿನ ರಟ್ಟು ದಪ್ಪ, ಸುತ್ತಲು ಹೋದರೆ ಮುರಿಯುತ್ತದೆ. ಅದು ಶುಭಾಶಯ ಕಾರ್ಡಿನ ತಳಕ್ಕಾಗುತ್ತದೆ. ಒಳಗಿನ ತೆಳು ಹಾಳೆಯನ್ನು 5 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ತುದಿ ಸೀಳಿದ ಕಡ್ಡಿಗೆ ಸಿಕ್ಕಿಸಿ ಸುತ್ತುತ್ತೇನೆ. ಸುರುಳಿಯನ್ನು ತುಸು ಸಡಿಲ ಬಿಟ್ಟು ಒಂದು ಕಡೆ ಚಿವುಟಿದರೆ ಹನಿಯ ಆಕಾರ, ಎರಡೂ ಕಡೆ ಚಿವುಟಿದರೆ ಎಲೆ. ಹನಿಗಳನ್ನು ಸುತ್ತ ಜೋಡಿಸಿದರೆ ಹೂವು. ಅಂಟು ಸಾಸಿವೆಯಷ್ಟು ಸಾಕು.

ನನ್ನ ನಾದಿನಿಗೆ ಇದು ಸರಿಬರಲಿಲ್ಲ. "ವೈನೀ, ದೇವರ ಮ್ಯಾಲೆ ಕತ್ತರಿ ಆಡಸ್ತೀರಲ್ಲ, ಪಾಪ ಬರೂದಿಲ್ಲೇನ್ರಿ?" ಎಂದಳು. ತಳ್ಳಿಹಾಕುವ ಮಾತಲ್ಲ ಅದು. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸುವ ಮನೆಯವಳು ನಾನು, ಚಿತ್ರಕ್ಕೆ ಅಂಜಬೇಕಾಗಿಲ್ಲ. ಆದರೂ ಗಣಪತಿಯ ಸೊಂಡಿಲಿನ ಹತ್ತಿರ ಬಂದಾಗ ಕೈ ತಡೆಯುತ್ತದೆ.

ಶಾಸ್ತ್ರ ಹಿಡಿದು ಹೋದರೆ ಉತ್ತರ ಸುಲಭ. ಚೌತಿಯ ಮಣ್ಣಿನ ಗಣಪತಿಗೆ ಪ್ರಾಣಪ್ರತಿಷ್ಠೆ ಮಾಡುತ್ತೇವೆ, ವಿಸರ್ಜನೆಯ ಮಂತ್ರ ಹೇಳಿ ಕಳಿಸಿದ ಮೇಲೆ ಅದು ಮತ್ತೆ ಮಣ್ಣು. ಅಚ್ಚಿನ ಮನೆಯ ಗಣಪತಿಗೆ ಯಾರೂ ಪ್ರಾಣಪ್ರತಿಷ್ಠೆ ಮಾಡಿರುವುದಿಲ್ಲ. ಆದರೆ ಈ ಉತ್ತರ ನನ್ನ ನಾದಿನಿಯನ್ನು ಮುಟ್ಟುವುದಿಲ್ಲ. ಅವಳು ಕ್ಯಾಲೆಂಡರಿನ ದೇವರಿಗೂ ಕೈಮುಗಿಯುವವಳು. ಅವಳು ಕೈಮುಗಿದ ಗಳಿಗೆಯಲ್ಲಿ ಅಲ್ಲಿ ದೇವರಿಲ್ಲ ಎನ್ನಲು ನಾನು ಯಾರು?

ಹೀಗಿರುವಾಗ ನನಗೆ ನೆನಪಾಗುವುದು ಯುರೋಪಿನ ಕ್ರೈಸ್ತ ಸನ್ಯಾಸಿನಿಯರು. ಪುಸ್ತಕ ಕಟ್ಟುವಾಗ ಕತ್ತರಿಸಿ ಬಿಸಾಡುವ, ಅಂಚಿಗೆ ಚಿನ್ನದ ಲೇಪವಿದ್ದ ಕಾಗದದ ಚೂರುಗಳನ್ನು ಆರಿಸಿಕೊಂಡು, ಹಕ್ಕಿಯ ಗರಿಯ ದಂಟಿಗೆ ಸುತ್ತಿ ಅವರು ಈ ಕಲೆ ಬೆಳೆಸಿದರು. ಪಟ್ಟಿಯನ್ನು ಸುತ್ತಿ ಅಂಟಿಸಿದಾಗ ಮೇಲೆ ಕಾಣುವುದು ಅದರ ಅಂಚು ಮಾತ್ರ. ಆ ಅಂಚಿನಲ್ಲಿ ಚಿನ್ನವಿದ್ದದ್ದರಿಂದ ಇಡೀ ಸುರುಳಿ ಚಿನ್ನದ ತಂತಿಯ ಕುಸುರಿಯಂತೆ ಹೊಳೆಯುತ್ತಿತ್ತು. ಸಂತರ ಮೂಳೆಯ ತುಣುಕು, ಬಟ್ಟೆಯ ಚೂರುಗಳನ್ನಿಟ್ಟ ಪೆಟ್ಟಿಗೆಗಳನ್ನು ಇದರಿಂದ ಸಿಂಗರಿಸಿದರು. 17 ಮತ್ತು 18ನೇ ಶತಮಾನದ ಅಂಥ ಪೆಟ್ಟಿಗೆಗಳು ಫ್ರಾನ್ಸಿನಲ್ಲಿ ಇಂದಿಗೂ ಉಳಿದಿವೆ. ನಿಜವಾದ ಚಿನ್ನ ಕೊಳ್ಳಲಾಗದ ಮಠ, ಕಸದಿಂದ ಆಯ್ದದ್ದನ್ನು ದೇವರ ಹತ್ತಿರ ಇಟ್ಟಿತು. ಅದರಲ್ಲಿ ಅಗೌರವ ಯಾರಿಗೆ ಕಂಡೀತು?

ಆಯ್ದದ್ದನ್ನು ಅರ್ಪಿಸುವುದು ನಮಗೂ ಹೊಸದಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡಿದವರು ಶರಣ ದಂಪತಿ ಮಾರಯ್ಯ, ಲಕ್ಕಮ್ಮ. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳಂತೆ. ನನ್ನ ಹವ್ಯಾಸವನ್ನು ಕಾಯಕ ಎಂದು ಕರೆಯಲಾರೆ. ಕಾಯಕ ಹೊಟ್ಟೆ ಹೊರೆಯುತ್ತದೆ, ಹಸಿದವರಿಗೂ ಎತ್ತಿಡುತ್ತದೆ. ನನ್ನ ಕಾರ್ಡು ಎರಡನ್ನೂ ಮಾಡುವುದಿಲ್ಲ. ಆದರೆ ಲಕ್ಕಮ್ಮನ ಆ ಒಂದು ಪ್ರಶ್ನೆ, ಇಷ್ಟು ಬೇಕೇ ಎಂಬುದು, ಹವ್ಯಾಸಕ್ಕೂ ಸಲ್ಲುತ್ತದೆ. ಅಂಗಡಿಯ ಬಣ್ಣದ ಪಟ್ಟಿಗಳ ಕಟ್ಟು ಎಷ್ಟು ಚೆಂದವಿದ್ದರೂ ನಾನು ಕೊಳ್ಳದಿರುವುದು ಅದಕ್ಕೇ.

ಕಾಗದ ಕತ್ತರಿಸಿದರೆ ದೇವರಿಗೆ ನೋವಾಗುವುದಿಲ್ಲ, ಕಡೆಗಣಿಸಿದರೆ ಆದೀತು ಎಂಬುದು ನನ್ನ ನಂಬಿಕೆ. ಪ್ಲಾಸ್ಟಿಕ್ ಹೊದಿಸಿದ ಪತ್ರಿಕೆ ತುಂಗಭದ್ರೆಯಲ್ಲಿ ಕರಗುವುದಿಲ್ಲ. ದಂಡೆಗೆ ಬಂದು ಬೀಳುತ್ತದೆ, ಜನ ತುಳಿಯುತ್ತಾರೆ. ಪಟ್ಟಿ ಸುತ್ತುವಾಗ ನಾನು ಒಂದೊಂದು ಹೆಸರನ್ನೂ ಓದುತ್ತೇನೆ, ವರ, ವಧು, ಊರು, ಮನೆದೇವರು. ಅವರಿಗೆ ಒಳ್ಳೆಯದಾಗಲಿ ಎಂದುಕೊಳ್ಳುತ್ತೇನೆ. ನಾದಿನಿಗೆ ನಾನು ಹೇಳಿದ್ದೂ ಇಷ್ಟೇ. ಅವಳು ಒಪ್ಪಿಲ್ಲ. ತನ್ನ ಮನೆಯ ಪತ್ರಿಕೆಗಳನ್ನು ತಂದುಕೊಡುತ್ತಾಳೆ, ಗಣಪತಿಯ ಭಾಗವನ್ನು ಮಾತ್ರ ದೇವರ ಜಗಲಿಯ ಮೇಲೆ ಇಟ್ಟುಕೊಳ್ಳುತ್ತಾಳೆ.