ಬೇರೆ ಲೋಟ

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದವರು, ಟ್ರ್ಯಾಕ್ಟರ್ ಹತ್ತಿ ಬಂದವರು, ಎಲ್ಲರೂ ತುಂಗಭದ್ರೆಯಲ್ಲಿ ಮುಳುಗೆದ್ದು, ಹುಲಿಗೆಮ್ಮನಿಗೆ ಕಾಯಿ ಒಡೆಸಿ, ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಪಕ್ಕದಲ್ಲಿ ಕೂತವರು ಯಾರೋ ಏನೋ, ರೊಟ್ಟಿ, ಶೇಂಗಾ ಚಟ್ನಿ ಕೈಯಿಂದ ಕೈಗೆ ದಾಟುತ್ತವೆ. ಅದೇ ನಾವು ಊರಿಗೆ ಮರಳಿದ ಮೇಲೆ, ಓಣಿಯ ಹೆಣ್ಣುಮಗಳೊಬ್ಬಳ ಬಗ್ಗೆ ‘ಅಕಿಗೆ ಏಡ್ಸ್ ಐತಂತ’ ಎಂಬ ಪಿಸುಮಾತು ಕಿವಿಗೆ ಬಿದ್ದರೆ ಸಾಕು, ಆಕೆಯ ಚಹಾಕ್ಕೆ ಬೇರೆ ಲೋಟ ಹೊರಬರುತ್ತದೆ. ಅಡಿಯಲ್ಲಿ ಮೊಳೆಯಿಂದ ಗುರುತು ಗೀಚಿದ ಲೋಟ.

ಆಕೆಗೆ ಏಡ್ಸ್ ಇರಲಿಕ್ಕಿಲ್ಲ, ಎಚ್‌ಐವಿ ಇರಬಹುದು. ಎಚ್‌ಐವಿ ಒಂದು ವೈರಾಣು. ದೇಹವನ್ನು ಕಾಯುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೊಲ್ಲುತ್ತದೆ. ಮೈಕ್ರೋಲೀಟರ್ ರಕ್ತದಲ್ಲಿ ಅವು 200ಕ್ಕಿಂತ ಕಡಿಮೆಯಾದಾಗ, ಅಥವಾ ಕೆಲವು ಗಂಭೀರ ಸೋಂಕುಗಳು ಮೇಲೆ ಬಿದ್ದಾಗ, ಅದು ಏಡ್ಸ್. ಸಕಾಲದಲ್ಲಿ ವೈರಾಣುವನ್ನು ತಡೆಯುವ ಎಆರ್‌ಟಿ ಗುಳಿಗೆ ಹಿಡಿದವರು ಆ ಹಂತ ಮುಟ್ಟದೆಯೇ ಬಾಳಿ ಮುಪ್ಪಾಗಬಹುದು. ಸರ್ಕಾರ ಈ ಗುಳಿಗೆಯನ್ನು 2004ರಿಂದ ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಉಂಟು. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಆ ಮಟ್ಟದಲ್ಲೇ ಉಳಿದರೆ ದಾಂಪತ್ಯದಲ್ಲೂ ಅದು ಹರಡದು. ಅಸುರಕ್ಷಿತ ಸಂಭೋಗ, ಸೋಂಕಿನ ರಕ್ತ, ಒಬ್ಬರಿಗೆ ಚುಚ್ಚಿ ಇನ್ನೊಬ್ಬರಿಗೂ ಬಳಸಿದ ಸೂಜಿ, ಚಿಕಿತ್ಸೆಯಿಲ್ಲದ ತಾಯಿಯಿಂದ ಕೂಸಿಗೆ: ಅದರ ದಾರಿಗಳು ಇಷ್ಟೇ. ಎಂಜಲಿಗೂ ಸೊಳ್ಳೆಗೂ ಅದರಲ್ಲಿ ಪಾತ್ರವಿಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆ ‘ಇಲ್ಲ’ ಎನ್ನಬಹುದು. ಅನುಮಾನವಿದ್ದವರು ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು.

ಇಷ್ಟೆಲ್ಲ ತಿಳಿದವರೂ ‘ಹೆಂಗ ಬಂತು?’ ಎಂದು ಕೇಳದೆ ಬಿಡುವುದಿಲ್ಲ. ನಮ್ಮ ಭಾಗದಲ್ಲಿ ಆ ಪ್ರಶ್ನೆ ಹೆಂಗಸರ ಕಡೆಗೇ ತಿರುಗುತ್ತದೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ದೇವದಾಸಿಯರನ್ನು ದೂರುವುದು ಸುಲಭ. ಮುತ್ತು ಕಟ್ಟುವುದನ್ನು 1982ರ ಕಾಯ್ದೆಯೇ ನಿಷೇಧಿಸಿತು, ಆದರೆ ಅವರ ಬಾಗಿಲಿಗೆ ಹೋದ ಗಂಡಸರ ಹೆಸರನ್ನು ಯಾರೂ ಎತ್ತಲಿಲ್ಲ. ಗುಳೆ ಹೋಗಿ ಬಂದ ಗಂಡನಿಂದ ಸೋಂಕು ಪಡೆದ ಗೃಹಿಣಿ ಯಾವ ತಪ್ಪಿಗೆ ಉತ್ತರ ಕೊಡಬೇಕು?

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಎಚ್‌ಐವಿ ಇದೆಯೆಂದು ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಯಾರನ್ನೂ ಹೊರಗಿಡುವಂತಿಲ್ಲ. ಸಂಶಯವಿದ್ದರೆ 1097ಕ್ಕೆ ಕರೆ ಮಾಡಿ ವಿಚಾರಿಸಬಹುದು, ದುಡ್ಡು ಬೀಳುವುದಿಲ್ಲ. ಇನ್ನು ನೆರೆಹೊರೆಯವರ ಪಾಲಿನ ಕೆಲಸ ಬೇರೆ: ಓಣಿಯಲ್ಲಿ ಯಾರಾದರೂ ಗುಳಿಗೆ ತರಲು ಕೊಪ್ಪಳಕ್ಕೆ ಹೊರಟರೆ, ಅಂದು ಅವರ ಮಕ್ಕಳಿಗೆ ನಮ್ಮಲ್ಲೇ ಊಟ ಹಾಕಬಹುದು, ಎಮ್ಮೆಗೆ ನೀರು ಕುಡಿಸಬಹುದು. ಯಾವ ಆಸ್ಪತ್ರೆ, ಯಾಕೆ ಎಂದು ಕೇಳಬೇಕಿಲ್ಲ.